ಹಳೆ ಗಾಡಿಯ ಮುಂದಿನ ಗಾಜು: ರಬ್ಬರ್ ಬದಲಿಸೋದಾ, ಪಟ್ಟಿ ಮಾತ್ರ ಸಾಕಾ, ಸೀಲಂಟ್‌ನಲ್ಲೇ ಮುಗಿಯುತ್ತಾ?

"ಗಾಜಿನ ಸುತ್ತಲಿನ ರಬ್ಬರ್ ಬಿರುಕು ಬಿಟ್ಟಿದೆ. ಕ್ರೋಮ್ ಪಟ್ಟಿ ಒಂದು ಮೂಲೆಯಲ್ಲಿ ಎದ್ದಿದೆ. ಜೋರು ಮಳೆ ಬಂದರೆ ಡ್ಯಾಶ್‌ಬೋರ್ಡ್ ಕೆಳಗೆ ನೀರು. ಏನು ಮಾಡಲಿ?" ಹಳೆ ಗಾಡಿ ಇಟ್ಟುಕೊಂಡವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅವರ ಹತ್ತಿರ ಆಗಲೇ ಮೂರ್ನಾಲ್ಕು ಸಲಹೆ ಸೇರಿರುತ್ತವೆ. ಸಂದು ಮುಚ್ಚುವ ಸೀಲಂಟ್ ಹಚ್ಚಿದರೆ ಸಾಕು ಅಂತ ಒಬ್ಬರು. ಪಟ್ಟಿ ಮಾತ್ರ ಬದಲಿಸಿ ಅಂತ ಇನ್ನೊಬ್ಬರು. ಗಾಜು ಬಿಚ್ಚಿಸಿ ಎಲ್ಲವನ್ನೂ ಹೊಸದು ಹಾಕಿಸಿ ಅಂತ ಮತ್ತೊಬ್ಬರು. ಮೂರೂ ಸರಿಯಾದ ಸಲಹೆಗಳೇ. ಆದರೆ ಒಂದೇ ಗಾಡಿಗೆ ಅಲ್ಲ.

ನಾನು ಮೊದಲು ಕೇಳಿಕೊಳ್ಳುವುದು ಇಷ್ಟೇ: ಈ ಕೆಲಸಕ್ಕೆ ಗಾಜು ಹೊರಗೆ ಬರಬೇಕಾ, ಬೇಡವಾ? ಬೇಡ ಅಂತಾದರೆ ಆದಷ್ಟು ಕಡಿಮೆ ಖರ್ಚಿನಲ್ಲಿ, ಕಡಿಮೆ ಕೈಯಾಡಿಸಿ ಮುಗಿಸಿ. ಬರಲೇಬೇಕು ಅಂತಾದರೆ ರಬ್ಬರ್ ವಿಷಯದಲ್ಲಿ ಕೈ ಬಿಗಿ ಹಿಡಿಯಬೇಡಿ. ಖರ್ಚು, ಶ್ರಮ, ಗಾಜು ಒಡೆಯುವ ಭಯ ಎಲ್ಲ ಇರುವುದು ಬಿಚ್ಚಿ ಕೂರಿಸುವುದರಲ್ಲಿ. ಆ ಕೆಲಸ ಒಂದೇ ಸಲ ಆಗಬೇಕು.

ಮೊದಲು ನೋಡಬೇಕಾದ್ದು

ನಿಮ್ಮ ಗಾಡಿಯ ಗಾಜು ಹೇಗೆ ನಿಂತಿದೆ ಅನ್ನುವುದು ಎಲ್ಲಕ್ಕಿಂತ ಮುಖ್ಯ. ಕೆಲಸಗಾರರು ಇದನ್ನು ಬೀಡಿಂಗ್ ಗ್ಲಾಸ್, ಪೇಸ್ಟಿಂಗ್ ಗ್ಲಾಸ್ ಅಂತ ಎರಡು ಮಾಡುತ್ತಾರೆ. ಬೀಡಿಂಗ್ ಗ್ಲಾಸ್‌ನಲ್ಲಿ ದಪ್ಪನೆಯ ಒಂದು ರಬ್ಬರ್ ಸುತ್ತಲೂ ಇರುತ್ತದೆ. ಅದರ ಒಂದು ಗ್ರೂವ್ (ಉದ್ದಕ್ಕೂ ಕೊರೆದ ಸಂದು) ಗಾಜನ್ನು ಕಚ್ಚಿರುತ್ತದೆ, ಇನ್ನೊಂದು ಗ್ರೂವ್ ಬಾಡಿಯ ತಗಡಿನ ಅಂಚನ್ನು. ಅಂಟೇ ಇಲ್ಲದೆ, ಬರೀ ರಬ್ಬರಿನ ಬಿಗಿಯಲ್ಲಿ ಗಾಜು ನಿಂತಿರುತ್ತದೆ. ಪೇಸ್ಟಿಂಗ್ ಗ್ಲಾಸ್‌ನಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ನೇರವಾಗಿ ಬಾಡಿಗೆ ಅಂಟಿಸಿರುತ್ತಾರೆ. ಅಲ್ಲಿ ಹೊರಗೆ ಕಾಣುವ ರಬ್ಬರ್ ಪಟ್ಟಿ ಸಂದು ಮುಚ್ಚುವುದಕ್ಕೆ, ಗಾಳಿ ಸದ್ದು ತಡೆಯುವುದಕ್ಕೆ ಮಾತ್ರ. ಇವೆರಡರ ನಡುವೆ ಇನ್ನೊಂದು ಬಗೆ ಇದೆ: ಬ್ಯುಟೈಲ್ ಅನ್ನುವ, ಎಂದೂ ಪೂರ್ತಿ ಗಟ್ಟಿಯಾಗದ ಜಿಗುಟು ಟೇಪಿನ ಮೇಲೆ ಗಾಜು, ಅದರ ಸುತ್ತ ಕ್ಲಿಪ್‌ಗೆ ಸಿಕ್ಕಿಸಿದ ಲೋಹದ ಪಟ್ಟಿ. ಹಲವು ಹಳೆಯ ಅಮೆರಿಕನ್ ಕಾರುಗಳಲ್ಲಿ ಹೀಗಿದೆ.

ಗುರುತಿಸುವುದು ಸುಲಭ. ಗಾಡಿ ಒಳಗೆ ಕೂತು ಗಾಜಿನ ಅಂಚು ನೋಡಿ. ಒಳಗಿನಿಂದಲೂ ದಪ್ಪ ರಬ್ಬರಿನ ತುಟಿ ತಗಡಿನ ಮೇಲೆ ಮಡಚಿ ಕೂತಿದ್ದರೆ ಅದು ಬೀಡಿಂಗ್ ಗ್ಲಾಸ್. ಗಾಜಿನ ಅಂಚಿಗೆ ಸುತ್ತಲೂ ಕಪ್ಪು ಬಣ್ಣದ ಅಗಲ ಪಟ್ಟಿ ಇದ್ದು, ರಬ್ಬರ್ ಒಳಗೆ ಕಾಣದಿದ್ದರೆ ಬಹುತೇಕ ಅದು ಪೇಸ್ಟಿಂಗ್. ಆ ಕಪ್ಪು ಪಟ್ಟಿ ಇರುವುದು ಸುಮ್ನೆ ಅಲ್ಲ, ಬಿಸಿಲು ಬಿದ್ದು ಅಂಟು ಹಾಳಾಗದಿರಲಿ ಅಂತ.

ಎರಡನೆಯದು ರಬ್ಬರಿನ ಕೆಳಗಿನ ತಗಡು. ಮುಂದಿನ ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುವ ಶಕ್ತಿ ಇದಕ್ಕಿದೆ. ಕೆಳಗಿನ ಎರಡು ಮೂಲೆಗಳಲ್ಲಿ ರಬ್ಬರಿನ ಹೊರತುಟಿಯನ್ನು ಪ್ಲಾಸ್ಟಿಕ್ ಚೂರಿನಿಂದ ಮೆಲ್ಲಗೆ ಎತ್ತಿ, ಟಾರ್ಚ್ ಹಾಕಿ ನೋಡಿ. ಬಣ್ಣ ಹಾಗೇ ಇದ್ದರೆ ನಿಮ್ಮ ಅದೃಷ್ಟ ಒಳ್ಳೆಯದಿದೆ. ಬಣ್ಣ ಗುಳ್ಳೆ ಎದ್ದಿದ್ದರೆ, ಕಂದು ಪುಡಿ ಉದುರಿದರೆ, ಇನ್ನು ಸೀಲಂಟ್ ಮಾತೇ ಬೇಡ. ತುಕ್ಕು ಹಿಡಿದ ತಗಡು ಉಬ್ಬುತ್ತದೆ. ಆ ಉಬ್ಬು ಗಾಜನ್ನು ಅಂಚಿನಲ್ಲಿ ಒತ್ತುತ್ತದೆ. ನಿಂತಲ್ಲೇ ಗಾಜು ಬಿರುಕು ಬಿಡಲು ಅಷ್ಟು ಸಾಕು.

ಮೂರನೆಯದು, ನೀರು ನಿಜವಾಗಿ ಎಲ್ಲಿಂದ ಬರುತ್ತಿದೆ ಅನ್ನುವುದು. ಕಾಲಡಿ ಒದ್ದೆಯಾದರೆ ಎಲ್ಲರೂ ಗಾಜನ್ನೇ ದೂರುತ್ತಾರೆ. ಹೀಟರ್‌ಗೆ ಗಾಳಿ ಎಳೆಯುವ ಜಾಗ, ವೈಪರ್ ಕೆಳಗಿನ ತೊಟ್ಟಿಯಲ್ಲಿ ಎಲೆ ಕಟ್ಟಿಕೊಂಡ ನೀರುದಾರಿ, ಬಾಗಿಲ ಬೀಡಿಂಗ್, ಸನ್‌ರೂಫ್ ಇದ್ದರೆ ಅದರ ಕೊಳವೆ, ಇವುಗಳಿಂದಲೂ ನೀರು ಇಳಿದು ಅದೇ ಜಾಗಕ್ಕೆ ಬರುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಲಿ, ರಭಸ ಬೇಡ. ಕೆಳಗಿನಿಂದ ಶುರು ಮಾಡಿ, ಒಂದೊಂದು ಜಾಗದಲ್ಲಿ ಕೆಲವು ನಿಮಿಷ ನಿಲ್ಲಿಸಿ, ಆಮೇಲೆ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆ ಹರಿದು ಯಾವ ಜಾಗ ತಪ್ಪು ಅಂತ ಗೊತ್ತೇ ಆಗುವುದಿಲ್ಲ. ಒಳಗಡೆ ಅಂಚಿಗೆ ಸ್ವಲ್ಪ ಟಾಲ್ಕಮ್ ಪೌಡರ್ ಉದುರಿಸಿಟ್ಟರೆ ಮೊದಲ ಹನಿ ಬಂದ ದಾರಿ ಗೆರೆ ಎಳೆದಂತೆ ಕಾಣುತ್ತದೆ.

ದೂರು ನೀರಿನದ್ದಲ್ಲ, ಗಾಳಿ ಸದ್ದಿನದ್ದು ಅಂತಾದರೆ ಪಟ್ಟಿಯ ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿ ಒಂದು ಸುತ್ತು ಓಡಿಸಿ. ಸದ್ದು ನಿಂತರೆ ತಪ್ಪು ಪಟ್ಟಿಯದ್ದೇ.

ಇನ್ನುಳಿದದ್ದು ನಿಮ್ಮ ಲೆಕ್ಕ. ಗಾಡಿ ದಿನಾ ಓಡುತ್ತದಾ, ವಾರಕ್ಕೊಮ್ಮೆಯಾ? ಬಯಲಲ್ಲಿ ನಿಲ್ಲುತ್ತದಾ, ಸೂರಿನ ಕೆಳಗಾ? ಒಂದು ವರ್ಷದಲ್ಲಿ ಮಾರುವ ಯೋಚನೆಯಾ, ಮಕ್ಕಳಿಗೂ ಉಳಿಯಲಿ ಅನ್ನುವ ಆಸೆಯಾ?

ಗಾಜು ಬಿಚ್ಚದೆ ಸೀಲಂಟ್

ತಗಡು ಚೆನ್ನಾಗಿದ್ದು, ರಬ್ಬರ್ ಇನ್ನೂ ಮೆತ್ತಗಿದ್ದು, ಒಂದೆರಡು ಕಡೆ ಮಾತ್ರ ಸೋರುತ್ತಿದ್ದರೆ ಇದು ಒಳ್ಳೆಯ ದಾರಿ. ರಬ್ಬರ್ ಹೇಗಿದೆ ಅಂತ ತಿಳಿಯಲು ಉಗುರು ಒತ್ತಿ. ಗುರುತು ಬಿದ್ದು ಮೆಲ್ಲಗೆ ಮೇಲೆದ್ದರೆ ಜೀವ ಇದೆ. ಉಗುರು ಜಾರಿದರೆ, ಇಲ್ಲವೇ ಅಂಚು ಚಕ್ಕೆಯಾಗಿ ಕಿತ್ತುಬಂದರೆ ಅದರ ಕಾಲ ಮುಗಿದಿದೆ.

ಇದಕ್ಕೆ ಬೇಕಾದ್ದು ನೀರಿನಷ್ಟು ತೆಳ್ಳಗೆ ಹರಿದು ಸಂದಿಗೆ ತಾನೇ ಇಳಿಯುವ ಗಾಜಿನ ಸೀಲಂಟ್, ಇಲ್ಲವೇ ಮಾಸ್ಟಿಕ್ ಅನ್ನುವ, ಗಟ್ಟಿಯಾಗದ ಮೆತ್ತನೆಯ ಪೇಸ್ಟ್. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ವಿನೆಗರ್ ವಾಸನೆ ಬರುವ ಸಿಲಿಕೋನ್ ಟ್ಯೂಬ್ ಮಾತ್ರ ಬೇಡವೇ ಬೇಡ. ಅದು ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ. ಬಣ್ಣ ಹೋದ ತಗಡಿಗೆ ಅದು ತುಕ್ಕಿನ ಆಹ್ವಾನ. ಮುಂದೆ ಸರಿಯಾದ ಕೆಲಸ ಮಾಡಿಸಲು ಹೋದಾಗಲೂ ಕಾಟ. ಸಿಲಿಕೋನ್ ತಾಗಿದ ಜಾಗದಲ್ಲಿ ಬಣ್ಣವೂ ನಿಲ್ಲುವುದಿಲ್ಲ, ಪಾಲಿಯುರೆಥೇನ್ ಅಂಟೂ ಹಿಡಿಯುವುದಿಲ್ಲ.

ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ನನ್ನ ಹಳೆ ಕಾರಿನ ಎಡಗಡೆ ಕಾಲಡಿ ಒದ್ದೆಯಾಗುತ್ತಿತ್ತು. ಕೆಳಗಿನ ಅಂಚಿಗೆ ಉದ್ದಕ್ಕೂ ಸೀಲಂಟ್ ಹಚ್ಚಿದೆ. ಒಂದು ಮಳೆಗಾಲ ಒಣಗಿಯೇ ಇತ್ತು. ಮರುವರ್ಷ ಮತ್ತೆ ಒದ್ದೆ, ಮತ್ತೆ ಹಚ್ಚಿದೆ. ಮೂರನೇ ವರ್ಷ ಗಾಜು ಬಿಚ್ಚಿಸಿದಾಗ ಕೆಳಗಿನ ಮೂಲೆಯ ತಗಡು ಒಣ ಎಲೆಯ ಹಾಗೆ ಬೆರಳಲ್ಲೇ ಪುಡಿಯಾಯಿತು. ನೀರು ಒಳಬರುತ್ತಿದ್ದದ್ದು ಮೇಲಿನ ಮೂಲೆಯಿಂದ. ಅದು ರಬ್ಬರಿನೊಳಗೇ ಇಳಿದು ಕೆಳಗೆ ಹೊರಹೋಗುತ್ತಿತ್ತು. ಆ ಹೊರದಾರಿಯನ್ನು ನಾನೇ ಮುಚ್ಚಿದ್ದೆ. ರಬ್ಬರಿನ ಕೆಲಸ ಅಂತ ಹೋದದ್ದು ಟಿಂಕರಿಂಗ್, ವೆಲ್ಡಿಂಗ್, ಪೇಂಟಿಂಗ್ ಆಗಿ ಬೆಳೆಯಿತು. ಅದಕ್ಕೇ ಹೇಳುವುದು, ಪೈಪಿನ ಪರೀಕ್ಷೆ ಮಾಡದೆ ಸೀಲಂಟ್ ಮುಚ್ಚಳ ತೆಗೆಯಬೇಡಿ.

ಪಟ್ಟಿ ಮಾತ್ರ ಬದಲಿಸುವುದು

ಇದು ಆಗುತ್ತದಾ ಇಲ್ಲವಾ ಅನ್ನುವುದು ಗಾಡಿಯ ಮೇಲೆ ನಿಂತಿದೆ. ಎರಡು ಪ್ರಸಿದ್ಧ ಕಾರುಗಳನ್ನೇ ನೋಡಿ. 1959ರಿಂದ 2000ದವರೆಗೆ ತಯಾರಾದ ಹಳೆಯ ಮಿನಿಯಲ್ಲಿ ಗಾಜು ಕೂರಿಸಿದ ಮೇಲೆ ರಬ್ಬರಿನ ಹೊರಗಿನ ಗ್ರೂವ್‌ಗೆ ಒಂದು ಲಾಕಿಂಗ್ ಪಟ್ಟಿ ತೂರಿಸುತ್ತಾರೆ. ಅದು ರಬ್ಬರನ್ನು ಅಗಲಿಸಿ ಗಾಜನ್ನು ಬಿಗಿ ಮಾಡುತ್ತದೆ. ಹಾಗಾಗಿ ಗಾಜು ಮುಟ್ಟದೆ ಆ ಪಟ್ಟಿಯನ್ನು ಎಳೆದು ತೆಗೆದು ಹೊಸದು ಹಾಕಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ಹಾಗಲ್ಲ. ಅಲ್ಲಿನ ಲೋಹದ ಪಟ್ಟಿಯನ್ನು ರಬ್ಬರ್ ಇನ್ನೂ ಹೊರಗಿರುವಾಗಲೇ ಸೇರಿಸಬೇಕು. ಗಾಜು ಕೂತ ಮೇಲೆ ರಬ್ಬರ್ ಬಿಗಿಯಾಗಿ, ಪಟ್ಟಿ ಒಳಹೋಗಲು ಜಾಗವೇ ಇರುವುದಿಲ್ಲ. ಬಲವಂತ ಮಾಡಿದರೆ ಪಟ್ಟಿ ಮಡಚುತ್ತದೆ, ಗಾಜಿಗೂ ಅಪಾಯ. ಬೀಟಲ್ ಥರದ ಗಾಡಿಗೆ ಪಟ್ಟಿ ಬೇಕೆಂದರೆ ಗಾಜು ಹೊರಗೆ ಬರಲೇಬೇಕು. ಬಂದ ಮೇಲೆ ರಬ್ಬರನ್ನೂ ಹೊಸದು ಹಾಕಿ.

ಲಾಕಿಂಗ್ ಪಟ್ಟಿಯ ಗಾಡಿ ನಿಮ್ಮದಾದರೆ ಖುಷಿಪಡಿ. ಕಡಿಮೆ ಖರ್ಚಿನಲ್ಲಿ ಗಾಡಿಯ ಮುಖ ಬದಲಾಗುವ ಕೆಲಸ ಇದು. ತುದಿಯಲ್ಲಿ ಕಣ್ಣಿನಂಥ ಕುಣಿಕೆ ಇರುವ ಒಂದು ಚಿಕ್ಕ ಸಾಧನ ಸಿಗುತ್ತದೆ. ಸೋಪು ನೀರು ಹಚ್ಚಿ, ಆ ಕುಣಿಕೆಯೊಳಗಿಂದ ಪಟ್ಟಿ ತೂರಿಸಿ ಎಳೆಯುತ್ತಾ ಹೋದರೆ ಗ್ರೂವ್ ಬಾಯಿ ಬಿಟ್ಟು ಪಟ್ಟಿಯನ್ನು ನುಂಗುತ್ತದೆ. ಅದಿಲ್ಲದೆ ಸ್ಕ್ರೂಡ್ರೈವರ್‌ನಲ್ಲಿ ಮಾಡಲು ಹೋದವರ ರಬ್ಬರ್ ಹರಿದಿದೆ, ಗಾಜಿನ ಅಂಚೂ ಚಿಪ್ಪು ಹಾರಿದೆ.

ಪಟ್ಟಿ ಯಾವ ವಸ್ತುವಿನದ್ದು ಅನ್ನುವುದರ ಮೇಲೆ ಹಳೆಯದನ್ನು ಉಳಿಸಬಹುದಾ ಅನ್ನುವುದು ನಿಂತಿದೆ. ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಯಾದರೆ ಬಿಸಾಡಬೇಡಿ. ತಗ್ಗುಗಳನ್ನು ಒಳಗಿನಿಂದ ಚಿಕ್ಕ ಸುತ್ತಿಗೆಯಲ್ಲಿ ತಟ್ಟಿ ಎತ್ತಿ ಪಾಲಿಶ್ ಮಾಡಿದರೆ ಹೊಸದರ ಹಾಗೆ ಬರುತ್ತದೆ. ಗುಜರಿಯಲ್ಲಿ ಸಿಕ್ಕಿದ ಹಳೆ ಸ್ಟೀಲ್ ಪಟ್ಟಿ ಎಷ್ಟೋ ಸಲ ಹೊಸ ನಕಲಿಗಿಂತ ಚೆನ್ನಾಗಿ ಕೂರುತ್ತದೆ. ಆನೊಡೈಸ್ ಮಾಡಿದ, ಅಂದರೆ ವಿದ್ಯುತ್ತಿನಿಂದ ಮೇಲೆ ರಕ್ಷಣೆಯ ಪದರ ಬೆಳೆಸಿದ ಅಲ್ಯೂಮಿನಿಯಂ ಬೇರೆ ಕಥೆ. ಮೇಲಿನ ಪದರ ಮಬ್ಬಾದರೆ ಬರೀ ಉಜ್ಜಿದರೆ ಆಗದು. ಆ ಪದರ ತೆಗೆದು, ಹೊಳಪು ಕೊಟ್ಟು, ಮತ್ತೆ ಆನೊಡೈಸ್ ಮಾಡಿಸಬೇಕು. ಕ್ರೋಮ್ ಬಣ್ಣದ ಪ್ಲಾಸ್ಟಿಕ್ ಪಟ್ಟಿಯ ಹೊಳಪು ಪೊರೆ ಒಮ್ಮೆ ಸುಲಿಯಲು ಶುರುವಾದರೆ ಮುಗಿಯಿತು, ಹೊಸದೇ ಗತಿ. ಅದು ಅಗ್ಗವೂ ಹೌದು.

ಕ್ಲಿಪ್‌ಗೆ ಸಿಕ್ಕಿಸುವ ಪಟ್ಟಿಯಾದರೆ ಪಟ್ಟಿಗಿಂತ ಜಾಸ್ತಿ ಗಮನ ಕ್ಲಿಪ್‌ಗೆ ಕೊಡಿ. ತುಕ್ಕು ಮೊದಲು ಹುಟ್ಟುವುದು ಕ್ಲಿಪ್ ಬಣ್ಣ ಗೀರಿದ ಜಾಗದಲ್ಲೇ. ಹಳೆ ಕ್ಲಿಪ್‌ಗೆ ಹೊಸ ಪಟ್ಟಿ ಹಾಕಿದರೆ ಅದು ಓಟದ ಗಾಳಿಗೆ ಎದ್ದು ಹೋಗುವ ಸಾಧ್ಯತೆ ಇದೆ. ಕ್ಲಿಪ್ ಎಲ್ಲವೂ ಹೊಸದು, ಗೀರಿದ ಜಾಗಕ್ಕೆ ಪ್ರೈಮರ್, ಆಮೇಲೆ ಪಟ್ಟಿ.

ರಬ್ಬರ್ ಪೂರ್ತಿ ಹೊಸದು

ಬೀಡಿಂಗ್ ಗ್ಲಾಸ್ ಇರುವ ಹೆಚ್ಚಿನ ಹಳೆ ಗಾಡಿಗಳಿಗೆ ಕೊನೆಗೆ ಬೇಕಾಗುವುದು ಇದೇ. ಆಯ್ಕೆ ಶುರುವಾಗುವುದು ಯಾವ ರಬ್ಬರ್ ಅನ್ನುವಲ್ಲಿ.

ಹಳೆ ಸ್ಟಾಕ್, ಅಂದರೆ ಆ ಕಾಲದಲ್ಲೇ ಕಂಪನಿ ತಯಾರಿಸಿ ಇಲ್ಲಿವರೆಗೆ ಪೆಟ್ಟಿಗೆಯಲ್ಲೇ ಉಳಿದ ರಬ್ಬರ್ ಸಿಕ್ಕರೆ ಎಲ್ಲರಿಗೂ ಆಸೆ. ಅಳತೆ ಸರಿಯಾಗಿರುತ್ತದೆ, ನಿಜ. ಆದರೆ ರಬ್ಬರಿಗೆ ಪೆಟ್ಟಿಗೆಯಲ್ಲೂ ವಯಸ್ಸಾಗುತ್ತದೆ. ಸಹಜ ರಬ್ಬರನ್ನು ಗಾಳಿಯಲ್ಲಿರುವ ಓಝೋನ್ ತಿನ್ನುತ್ತದೆ. ಕೊಳ್ಳುವ ಮೊದಲು ಒಂದು ಜಾಗದಲ್ಲಿ ಪೂರ್ತಿ ಮಡಚಿ ನೋಡಿ. ಮಡಿಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಎಷ್ಟೇ ಅಪರೂಪದ್ದಾದರೂ ಬಿಟ್ಟುಬಿಡಿ.

ಹೊಸದಾಗಿ ತಯಾರಾಗುವ ನಕಲುಗಳಲ್ಲಿ ಇಪಿಡಿಎಂ ಅನ್ನುವ ಕೃತಕ ರಬ್ಬರ್ ನನ್ನ ಮೊದಲ ಆಯ್ಕೆ. 1960ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಈ ರಬ್ಬರ್ ಬಿಸಿಲು, ಓಝೋನ್, ನೀರು ಮೂರನ್ನೂ ಚೆನ್ನಾಗಿ ತಡೆಯುತ್ತದೆ. ಇದರ ಶತ್ರು ಒಂದೇ, ಪೆಟ್ರೋಲಿಯಂ ಎಣ್ಣೆ. ಗ್ರೀಸ್, ವ್ಯಾಸಲೀನ್ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ. ನಿಯೋಪ್ರೀನ್ ಅನ್ನುವ ಇನ್ನೊಂದು ಕೃತಕ ರಬ್ಬರ್ ಎಣ್ಣೆಯನ್ನು ಸ್ವಲ್ಪ ತಾಳುತ್ತದೆ, ಆದರೆ ಬಯಲಲ್ಲೇ ನಿಲ್ಲುವ ಗಾಡಿಗೆ ಇಪಿಡಿಎಂ ಮೇಲು. ಸಹಜ ರಬ್ಬರಿನದ್ದು ಕೈಗೆ ಮೆತ್ತಗೆ ಸಿಗುತ್ತದೆ, ಕೂರಿಸುವುದೂ ಸಲೀಸು, ಬಾಳಿಕೆ ಮಾತ್ರ ಕಡಿಮೆ.

ಮೂಲೆಗಳನ್ನು ನೋಡಿ ಕೊಳ್ಳಿ. ಗಾಜಿನ ಆಕಾರಕ್ಕೇ ಮೂಲೆ ಎರಕ ಹೊಯ್ದು ಮಾಡಿದ ರಬ್ಬರ್ ಬೆಲೆ ಜಾಸ್ತಿ, ಆದರೆ ಮೂಲೆಯಲ್ಲಿ ಸುಕ್ಕಾಗದೆ ಕೂರುತ್ತದೆ. ಉದ್ದದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ರಬ್ಬರ್ ಅಗ್ಗ. ಮೂಲೆಗಳು ದುಂಡಗಿರುವ ವ್ಯಾನು, ಟ್ರ್ಯಾಕ್ಟರ್ ಕ್ಯಾಬಿನ್ ಥರದ್ದಕ್ಕೆ ಅದು ಧಾರಾಳ ಸಾಕು. ಚೂಪು ಮೂಲೆಯ ಗಾಜಿಗೆ ಹಾಕಿದರೆ ಅಲ್ಲಿ ತುಟಿ ಎದ್ದು ನಿಂತು, ನೀರಿಗೆ ಬಾಗಿಲು ತೆರೆದಂತೆ. ಉದ್ದದ ರಬ್ಬರ್ ಹಾಕುವುದಾದರೆ ಅಳತೆಗಿಂತ ಸ್ವಲ್ಪ ಉದ್ದ ಕತ್ತರಿಸಿ, ಜೋಡು ಒತ್ತಿಕೊಂಡು ಕೂರಲಿ. ಎಳೆದು ಸರಿಮಾಡಿದ ರಬ್ಬರ್ ಕೆಲವೇ ತಿಂಗಳಲ್ಲಿ ಕುಗ್ಗಿ ಜೋಡು ಬಾಯಿ ಬಿಡುತ್ತದೆ.

ಇನ್ನೊಂದು ಅಳತೆ ಹಲವರು ಮರೆಯುತ್ತಾರೆ: ಗಾಜಿನ ದಪ್ಪ. ಹಿಂದಿನ ಮಾಲೀಕರು ಬೇರೆ ದಪ್ಪದ ಗಾಜು ಹಾಕಿಸಿರಬಹುದು. ಗ್ರೂವ್ ಅಗಲ ಹೊಂದದಿದ್ದರೆ ಅತ್ಯುತ್ತಮ ರಬ್ಬರ್ ಕೂಡ ಸೋರುತ್ತದೆ. ಹಾಗೆಯೇ ಪಟ್ಟಿಗೆ ಗ್ರೂವ್ ಇರುವ ರಬ್ಬರ್, ಇಲ್ಲದ ರಬ್ಬರ್ ಎರಡು ಬಗೆ ಬರುತ್ತವೆ. ಆರ್ಡರ್ ಕೊಡುವಾಗ ಹೇಳಿ.

ಬಿಚ್ಚುವಾಗ ಹಳೆ ರಬ್ಬರನ್ನು ಉಳಿಸಲು ಹೋಗಬೇಡಿ. ಒಳಗಿನಿಂದ ಒದ್ದು ತಳ್ಳಿ ಗಾಜು ಒಡೆದುಕೊಂಡವರು ಇದ್ದಾರೆ. ಹೊರತುಟಿಯನ್ನು ಚಾಕುವಿನಿಂದ ಸುತ್ತಲೂ ಕತ್ತರಿಸಿ ತೆಗೆದರೆ ಗಾಜು ಒತ್ತಡವೇ ಇಲ್ಲದೆ ಕೈಗೆ ಬರುತ್ತದೆ. ಗಾಜು ಲ್ಯಾಮಿನೇಟೆಡ್ ಆಗಿದ್ದರೆ ಇನ್ನೂ ಎಚ್ಚರ ಬೇಕು. ಅಂದರೆ ಎರಡು ತೆಳು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇರುವಂಥದ್ದು. ಸ್ವಲ್ಪ ತಿರುಚಿದರೂ ಅಂಚಿನಿಂದ ಬಿರುಕು ಓಡುತ್ತದೆ.

ಕೂರಿಸುವ ದಾರದ ಉಪಾಯ ನೋಡಿದರೆ ಮರೆಯಲಾರಿರಿ. ಮೊದಲು ಗಾಜಿಗೆ ರಬ್ಬರ್ ತೊಡಿಸುತ್ತಾರೆ. ತಗಡನ್ನು ಹಿಡಿಯುವ ಗ್ರೂವ್ ಒಳಗೆ 4–5 ಮಿಲಿಮೀಟರ್ ದಪ್ಪದ ನೈಲಾನ್ ದಾರವನ್ನು ಸುತ್ತಲೂ ಕೂರಿಸಿ, ಎರಡು ತುದಿಗಳನ್ನು ಕೆಳಗಡೆ ನಡುವಿನಲ್ಲಿ ಒಂದರ ಮೇಲೊಂದು ಬರುವಂತೆ ಬಿಡುತ್ತಾರೆ. ಸೋಪು ನೀರು ಬಳಿದು ಗಾಜನ್ನು ಹೊರಗಿನಿಂದ ಇಡುತ್ತಾರೆ. ಒಬ್ಬರು ಹೊರಗೆ ಅಂಗೈಯಿಂದ ತಟ್ಟುತ್ತಾರೆ, ಒಳಗೆ ಕೂತವರು ದಾರವನ್ನು ಗಾಜಿನ ನಡುಭಾಗದ ಕಡೆಗೆ ಮೆಲ್ಲಗೆ ಎಳೆಯುತ್ತಾರೆ. ದಾರ ಬಂದಲ್ಲೆಲ್ಲ ರಬ್ಬರಿನ ತುಟಿ ಪಟ್ ಅಂತ ಮಗುಚಿ ತಗಡಿನ ಮೇಲೆ ಕೂರುತ್ತದೆ. ಇಬ್ಬರಿದ್ದು, ಅವಸರ ಇಲ್ಲದಿದ್ದರೆ ಮನೆಯಲ್ಲೇ ಆಗುವ ಕೆಲಸ. ಚಳಿಯಲ್ಲಿ ಬೇಡ. ರಬ್ಬರನ್ನು ಬಿಸಿಲಲ್ಲೋ ಬಿಸಿ ನೀರಲ್ಲೋ ಸ್ವಲ್ಪ ಹೊತ್ತು ಇಟ್ಟರೆ ಅರ್ಧ ಶ್ರಮ ಉಳಿಯುತ್ತದೆ.

ಗಾಜೂ ಹೊಸದಾ?

ಅಂಚಿನಲ್ಲಿ ಹಾಲಿನಂಥ ಬಿಳಿ ಮಬ್ಬು ಒಳಕ್ಕೆ ಹರಡಿದ್ದರೆ ಗಾಜಿನ ಪದರಗಳು ಬಿಡುತ್ತಿವೆ ಅಂತ ಅರ್ಥ. ವೈಪರ್ ಗೀರುಗಳಿಂದ ರಾತ್ರಿ ಎದುರಿನ ದೀಪದ ಬೆಳಕು ಚದುರುತ್ತಿದ್ದರೂ ಬದಲಿಸಿ, ಇದು ಕಣ್ಣಿನ ವಿಷಯ. ಹಾಗೇನೂ ಇಲ್ಲದಿದ್ದರೆ ಹಳೆ ಗಾಜನ್ನೇ ಇಟ್ಟುಕೊಳ್ಳಿ. ಕಂಪನಿಯ ಗುರುತಿರುವ ಮೂಲ ಗಾಜಿಗೆ ಬೆಲೆ ಕಟ್ಟುವವರು ಇದ್ದಾರೆ.

ಪೇಸ್ಟಿಂಗ್ ಗ್ಲಾಸ್ ಇದ್ದರೆ

ಇಲ್ಲಿ ಹೊರಪಟ್ಟಿ ಮಾತ್ರ ಹಾಳಾಗಿದ್ದು ನೀರು ಬಾರದಿದ್ದರೆ, ಒತ್ತಿ ಕೂರಿಸುವ ಪಟ್ಟಿ ಹೊಸದು ಹಾಕಿ ಮುಗಿಸಿ. ಅದೇ ಗಾಡಿಗಾಗಿ ಮಾಡಿದ್ದು ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಎಲ್ಲ ಗಾಡಿಗೂ ಹೊಂದುವ ಪಟ್ಟಿ, ಸಂದಿನ ಅಗಲ ಅಳೆದು. ಕೆಲವು ಗಾಡಿಗಳಲ್ಲಿ ಪಟ್ಟಿಯನ್ನು ಗಾಜಿಗೇ ಎರಕ ಹೊಯ್ದಿರುತ್ತಾರೆ, ಅಲ್ಲಿ ಪಟ್ಟಿಯನ್ನಷ್ಟೇ ಬಿಡಿಸಿ ಬದಲಿಸಲು ಬರುವುದಿಲ್ಲ.

ನೀರು ಬರುತ್ತಿದ್ದರೆ ಮಾತ್ರ ಇದು ಮನೆಯ ಕೆಲಸ ಅಲ್ಲ. ಅಂಟಿಸಿದ ಗಾಜು ಬಾಡಿಯ ಬಿಗಿಯಲ್ಲಿ ಪಾಲು ಹೊತ್ತಿರುತ್ತದೆ. ಹಲವು ಗಾಡಿಗಳಲ್ಲಿ ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆತುಕೊಳ್ಳುವುದೂ ಈ ಗಾಜಿಗೇ. ಕೆಲಸ ಬಲ್ಲವರು ಹಳೆ ಅಂಟನ್ನು ತಗಡಿನವರೆಗೂ ಕೆರೆಯುವುದಿಲ್ಲ. ಗಟ್ಟಿಯಾಗಿ ಹಿಡಿದಿರುವುದನ್ನು 1–2 ಮಿಲಿಮೀಟರ್ ಉಳಿಸಿ, ಗೀರು ಬಿದ್ದಲ್ಲಿ ಪ್ರೈಮರ್ ಹಚ್ಚಿ, ಅದರ ಮೇಲೆ ಹೊಸ ಅಂಟು ಎಳೆಯುತ್ತಾರೆ. ಗಾಡಿ ಕೊಡುವ ಮೊದಲೇ ಕೇಳಿ: ಯಾವ ಅಂಟು, ಎಷ್ಟು ಹೊತ್ತಿನ ಮೇಲೆ ಓಡಿಸಬಹುದು? ಅಂಟಿನ ಬಗೆ, ಬಿಸಿ, ಗಾಳಿಯ ತೇವ ಇವುಗಳ ಮೇಲೆ ಆ ಹೊತ್ತು ಬದಲಾಗುತ್ತದೆ. "ಈಗಲೇ ಓಡಿಸಿ, ಏನಾಗಲ್ಲ" ಅಂತ ಯೋಚಿಸದೆ ಹೇಳಿದರೆ ಬೇರೆ ಕಡೆ ಹೋಗಿ. ಮನೆಗೆ ತಂದ ಮೇಲೆ ಒಂದು ದಿನ ಪಕ್ಕದ ಗಾಜು ಸ್ವಲ್ಪ ಇಳಿಸಿಡಿ. ಬಾಗಿಲು ಬಡಿದಾಗ ಒಳಗಿನ ಗಾಳಿಯ ಒತ್ತಡ ಹಸಿ ಅಂಟನ್ನು ತಳ್ಳಬಾರದು.

ಯಾರಿಗೆ ಯಾವುದು

ದಿನಾ ಓಡುವ, ಬಯಲಲ್ಲಿ ನಿಲ್ಲುವ ಬೀಡಿಂಗ್ ಗಾಡಿಗೆ ಇಪಿಡಿಎಂ ರಬ್ಬರ್, ಎರಕದ ಮೂಲೆ, ಹಳೆ ಗಾಜು. ಪಟ್ಟಿಯ ಅಂದ ಆಮೇಲೆ ನೋಡಿಕೊಳ್ಳಬಹುದು ಅನ್ನಿಸಿದರೂ ಬೀಟಲ್ ಥರದ್ದಾದರೆ ಈಗಲೇ ತೀರ್ಮಾನ ಮಾಡಿ. ಮೂಲ ರೂಪದಲ್ಲೇ ಗಾಡಿ ಇರಬೇಕು ಅನ್ನುವವರು ದುಡ್ಡನ್ನು ಹೊಸ ಪಟ್ಟಿಗೆ ಹಾಕುವ ಬದಲು ಹಳೆ ಸ್ಟೀಲ್ ಪಟ್ಟಿಯನ್ನು ಸರಿಮಾಡಿಸಲು ಹಾಕಿ. ಬೇಗ ಮಾರುವವರು, ತಗಡು ಗಟ್ಟಿ ಇದ್ದರೆ, ಸರಿಯಾದ ಸೀಲಂಟ್ ಮತ್ತು ಹೊಸ ಲಾಕಿಂಗ್ ಪಟ್ಟಿಯಲ್ಲಿ ನಿಲ್ಲಿಸಬಹುದು. ಸೋರುತ್ತಿತ್ತು ಅನ್ನುವುದನ್ನು ಕೊಳ್ಳುವವರಿಗೆ ಹೇಳಿ. ಕೈಯಲ್ಲಿ ದುಡ್ಡು ಕಡಿಮೆ, ತಗಡಿನಲ್ಲಿ ತುಕ್ಕು ಇದೆ ಅನ್ನುವವರ ಕಷ್ಟ ನನಗೆ ಗೊತ್ತು. ಅವರು ಈಗ ಏನನ್ನೂ ಕೊಳ್ಳದೆ ಗಾಡಿಗೆ ಒಂದು ಸೂರು, ಇಲ್ಲವೇ ಗಾಳಿಯಾಡುವ ಹೊದಿಕೆ ಮಾಡಿ, ಟಿಂಕರಿಂಗ್ ಮತ್ತು ರಬ್ಬರ್ ಎರಡಕ್ಕೂ ಆಗುವಷ್ಟು ದುಡ್ಡು ಸೇರಿಸಿ. ತುಕ್ಕಿನ ಮೇಲೆ ಕೂರಿಸಿದ ಹೊಸ ರಬ್ಬರ್ ಎರಡನೇ ಸಲ ಕೊಳ್ಳಬೇಕಾದ ರಬ್ಬರ್.

ಯಾವುದನ್ನೇ ಮಾಡಿಸಿ, ಮುಗಿದ ಮೇಲೆ ಅದೇ ಪೈಪಿನ ಪರೀಕ್ಷೆ ಮತ್ತೊಮ್ಮೆ ಆಗಲಿ. ಪೇಸ್ಟಿಂಗ್ ಆದರೆ ಅಂಟು ಪೂರ್ತಿ ಒಣಗಿದ ಮೇಲೆ. ಮೊದಲ ಎರಡು ಮೂರು ಜೋರು ಮಳೆ ಕಳೆಯುವವರೆಗೆ ಕಾಲಡಿ ಮ್ಯಾಟ್ ಹಾಕಬೇಡಿ. ಬರೀ ತಗಡು ಕಾಣುತ್ತಿರಲಿ, ಮಳೆ ನಿಂತ ಕೂಡಲೇ ಕೈಯಿಟ್ಟು ನೋಡಿ.